ಇಪ್ಪತ್ತೆರಡು ಸೆಕೆಂಡು

ಆ ವರ್ಷದ ನಾಟಕ ಪ್ರಶಸ್ತಿಗೆ ಮತ ಹಾಕುವವರಲ್ಲಿ ದೊಡ್ಡ ರಂಗಮಂದಿರದ ಉಡುಪಿನ ಕೋಣೆಯವರಿಗೂ ಒಂದು ಜಾಗ ಸಿಕ್ಕಿತು. ಚೀಟಿ ಎತ್ತಿದಾಗ ಬಂದದ್ದು ದರ್ಜಿಯ ಹೆಸರು. ಹಿಂದುಗಡೆ ಬೇರೆ ಯಾರ ಹೆಸರಾದರೂ ಇದ್ದೀತೇನೋ ಎಂದು ಅವಳು ಚೀಟಿಯನ್ನು ತಿರುಗಿಸಿ ನೋಡಿದಳು. ಇರಲಿಲ್ಲ.

ಮತಪತ್ರದ ಜೊತೆ ನಾಲ್ಕು ಪುಟದ ನಿಯಮಗಳಿದ್ದವು. ದೊಡ್ಡವಳಾದ ಮೇಲೆ ಸಂಜೆ ಶಾಲೆಯಲ್ಲಿ ಓದು ಕಲಿತವಳು ಅವಳು. ಅಚ್ಚಾದದ್ದನ್ನೆಲ್ಲ ಮೂರು ಸಲ ಓದದಿದ್ದರೆ ಸಮಾಧಾನವಿಲ್ಲ. ಏಳನೆಯ ನಿಯಮ ಮೂರು ಸಲ ಓದಿದರೂ ಗಂಟಲಿನಿಂದ ಕೆಳಗಿಳಿಯಲಿಲ್ಲ. 'ಸ್ಪರ್ಧೆಯಲ್ಲಿರುವ ಐದೂ ನಾಟಕಗಳನ್ನು ಪ್ರೇಕ್ಷಕರ ನಡುವೆ ಕುಳಿತು ಪೂರ್ತಿ ನೋಡಿದ್ದೇನೆ' ಎಂದು ಸಹಿ ಹಾಕಬೇಕಂತೆ.

ಆ ಐದರಲ್ಲಿ ಒಂದಾದ, ತಮ್ಮದೇ ಮಂದಿರದ ರಾಣಿಯ ನಾಟಕವನ್ನು ಅವಳು ಇನ್ನೂರಕ್ಕೂ ಹೆಚ್ಚು ಸಲ ನೋಡಿದ್ದಳು. ಆದರೆ ಎಲ್ಲವೂ ಪಕ್ಕದ ಪರದೆಯ ಕತ್ತಲಲ್ಲಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಎರಡನೆಯ ಅಂಕದಲ್ಲಿ ರಾಣಿ ಒಳಗೆ ಓಡಿ ಬರುತ್ತಾಳೆ. ಹದಿನಾಲ್ಕು ಕೊಕ್ಕೆ ಬಿಚ್ಚಿ, ಶೋಕದ ಉಡುಪು ತೊಡಿಸಿ, ಹದಿನಾಲ್ಕು ಕೊಕ್ಕೆ ಹಾಕಿ ಇಪ್ಪತ್ತೆರಡು ಸೆಕೆಂಡಿನಲ್ಲಿ ಹೊರಗೆ ಕಳಿಸಬೇಕು. ಇಪ್ಪತ್ತು ವರ್ಷದಿಂದ ಇಂಥದ್ದೇ ಕೆಲಸ. ಎಣಿಕೆ ಎಷ್ಟು ಅಂಟಿಕೊಂಡಿತ್ತೆಂದರೆ, ಮನೆಯಲ್ಲಿ ಹಾಲು ಉಕ್ಕುವುದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು.

"ಮುಂದೆ ಕೂತು ನೋಡ್ಬೇಕು ಸಾರ್, ಒಂದು ದಿನ ರಜೆ ಕೊಡಿ," ಎಂದು ಕೇಳಿದಾಗ ಮ್ಯಾನೇಜರ್ ಬಿದ್ದು ಬಿದ್ದು ನಕ್ಕರು.

"ಏನಮ್ಮಾ, ಎಲ್ರೂ ನೋಡಿ ಹಾಕ್ತಾರೆ ಅಂದ್ಕೊಂಡ್ಯಾ? ಊರೂರಿಗೆ ನಾಟಕ ಕರೆಸ್ಕೊಳ್ಳೋರು ತಮ್ಮೂರಲ್ಲಿ ಯಾವ್ದು ಚೆನ್ನಾಗಿ ಓಡುತ್ತೋ ಅದಕ್ಕೆ ಹಾಕ್ತಾರೆ. ಸ್ನೇಹಿತರು ಸ್ನೇಹಿತರಿಗೆ ಹಾಕ್ತಾರೆ. ಉಳಿದೋರು ಯಾರ ಪಾರ್ಟೀಲಿ ಹೊಟ್ಟೆ ತುಂಬಿತೋ ಅವರಿಗೆ. ಸಣ್ಣ ನಾಟಕ ನಿಂತು ಒಂದು ತಿಂಗಳಾದ್ರೆ ಯಾರಿಗೂ ನೆನಪೇ ಇರಲ್ಲ."

"ಆದ್ರೆ ಸಹಿ ಹಾಕ್ಬೇಕಲ್ಲ ಸಾರ್."

"ಹಾಕು. ಸಹಿಗೇನು ಕಣ್ಣಿದ್ಯಾ?" ಎಂದವರು, ಸ್ವಲ್ಪ ಗಂಭೀರರಾದರು. "ನಿನ್ನ ಅಕ್ಕನ್ನೂ ಒಂದು ಸಲ ನೆನೆಸ್ಕೋ."

ಅದನ್ನು ಹೇಳಬೇಕಾಗಿರಲಿಲ್ಲ. ಅಕ್ಕ ಅದೇ ಮಂದಿರದ ಟಿಕೆಟ್ ಕಿಟಕಿಯಲ್ಲಿ ಕೂರುವವಳು. ಪ್ರಶಸ್ತಿ ಬಂದರೆ ರಾಣಿಯ ನಾಟಕ ಇನ್ನೊಂದು ವರ್ಷ ನಡೆಯುತ್ತದೆ, ಅಕ್ಕನ ಕಿಟಕಿಯೂ ತೆರೆದಿರುತ್ತದೆ. ಬಾರದಿದ್ದರೆ ದುರಸ್ತಿಗೆಂದು ಬಾಗಿಲು ಮುಚ್ಚಿ, ತೆರೆಯುವಾಗ ಅಕ್ಕನ ಜಾಗದಲ್ಲಿ ಯಂತ್ರ ಬಂದು ಕೂರುತ್ತದೆ. ತಂಗಿ ನಾಚಿಕೊಂಡು ಹಿಂದೆಗೆದಾಗ ಕೈ ಹಿಡಿದು ಸಂಜೆ ಶಾಲೆಯ ಮೆಟ್ಟಿಲು ಹತ್ತಿಸಿದ್ದು ಈ ಅಕ್ಕನೇ.

ಕೊನೆಗೂ ರಜೆ ಸಿಕ್ಕಿತು. ದರ್ಜಿ ಮುಂದಿನ ಸಾಲಿನಲ್ಲಿ ಕೂತು ರಾಣಿಯ ನಾಟಕ ನೋಡಿದಳು. ರಾಣಿ ಒಳಗೆ ಓಡಿದೊಡನೆ ಇವಳ ಬೆರಳುಗಳು ಮಡಿಲಲ್ಲೇ ಕೊಕ್ಕೆ ಬಿಚ್ಚತೊಡಗಿದವು. ಇಪ್ಪತ್ತೆರಡಕ್ಕೆ ಸರಿಯಾಗಿ ರಾಣಿ ಬಂದಳು. ಉಡುಪು ಅದ್ಭುತವಾಗಿ ಕಂಡಿತು. ನಾನು ಹೊಲಿದದ್ದೆಂದು ಹಾಗನ್ನಿಸಿತೋ ಎಂದು ಆಮೇಲೆ ಅನುಮಾನವೂ ಬಂತು. ಇನ್ನೂ ಮೂರು ನಾಟಕ ನೋಡಿದಳು. ಮೂರರಲ್ಲೂ ಎಣಿಸಿದಳು. ಒಂದರಲ್ಲಿ ಮೂವತ್ತು ಹಿಡಿಯಿತು, ಅವರ ದರ್ಜಿಯ ಬಗ್ಗೆ ಅಯ್ಯೋ ಎನ್ನಿಸಿತು.

ಉಳಿದದ್ದು ಐದನೆಯದು. ರೈಲು ನಿಲ್ದಾಣದ ಹಿಂದೆ, ಹಳೆಯ ಟೈರು ಗೋದಾಮಿನಲ್ಲಿ ಅರವತ್ತು ಕುರ್ಚಿ. ಭಾನುವಾರ ಮಧ್ಯಾಹ್ನದ್ದೇ ಕೊನೆಯ ಪ್ರದರ್ಶನ. ಇನ್ನೂ ರಬ್ಬರು ವಾಸನೆ ಹೋಗಿರಲಿಲ್ಲ. ಪರದೆಯಿಲ್ಲ, ಪಕ್ಕದಲ್ಲಿ ಮರೆಯಿಲ್ಲ. ಒಬ್ಬಳೇ ನಟಿ, ಮೈಮೇಲೆ ಕಂದು ಬಣ್ಣದ ಒಂದು ಹಳೆಯ ಕೋಟು. ಅದರ ಎಡತೋಳಿನಲ್ಲಿ ದಾರವೊಂದು ಬಿಚ್ಚಿ ನೇತಾಡುತ್ತಿತ್ತು. ದರ್ಜಿಯ ಕಣ್ಣು ಮೊದಲು ಹೋದದ್ದು ಅಲ್ಲಿಗೇ.

ನಟಿ ಮನೆ ಬಿಟ್ಟು ಹೊರಟ ಮಗಳಾಗಿದ್ದಳು. ಬಾಗಿಲ ಬಳಿ ನಿಂತು ಬೆನ್ನು ತಿರುಗಿಸಿದಳು. ಈಗ ಉಡುಪು ಬದಲಾಗುತ್ತದೆ ಎಂದು ದರ್ಜಿ ಅಂದುಕೊಂಡಳು, ತುಟಿ ತಾನಾಗಿ ಶುರುಮಾಡಿತು. ಒಂದು, ಎರಡು, ಮೂರು. ನಟಿ ಮೇಲಿನ ಒಂದು ಗುಂಡಿ ಬಿಚ್ಚಿದಳು. ನಾಲ್ಕು. ತಿರುಗಿದಳು.

ಅಲ್ಲಿ ಆ ಮಗಳ ತಾಯಿ ನಿಂತಿದ್ದಳು. ಮೂವತ್ತು ವರ್ಷ ದೊಡ್ಡವಳು. ಕೋಟು ಅದೇ, ನೇತಾಡುವ ದಾರವೂ ಅದೇ. ಆದರೆ ಅದು ಈಗ ಒಬ್ಬ ಮುದುಕಿಯ ಹೆಗಲ ಮೇಲೆ ಭಾರವಾಗಿ ಕೂತಿತ್ತು. ಯಾರ ಕೈಯೂ ಇಲ್ಲ, ಸೂಜಿಯಿಲ್ಲ, ಕೊಕ್ಕೆಯಿಲ್ಲ. ಇಪ್ಪತ್ತು ವರ್ಷ ಕತ್ತಲಲ್ಲಿ ಮಂಡಿಯೂರಿ ತಾನು ಮಾಡಿದ ಕೆಲಸವನ್ನು ಈ ಹೆಂಗಸು ಬೆಳಕಿನಲ್ಲಿ, ಎಲ್ಲರೆದುರು, ಒಂದು ಗುಂಡಿಯಲ್ಲಿ ಮಾಡಿದ್ದಳು. ಆಮೇಲಿನದೇನೂ ಅವಳ ಲೆಕ್ಕಕ್ಕೆ ಸಿಗಲಿಲ್ಲ. ದೀಪ ಹತ್ತಿದಾಗ ಪಕ್ಕದವರು ಎದ್ದು ಹೋಗಲು ದಾರಿ ಕೇಳಿದರು. ಇವಳಿಗೆ ಕಾಲು ಮಡಚಿಕೊಳ್ಳುವುದೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಮತಪತ್ರ. ಮಧ್ಯಾಹ್ನದೊಳಗೆ ಅಂಚೆಗೆ ಹಾಕಬೇಕು. ಎದುರಿಗೆ ಅಕ್ಕ.

"ಗಂಟೆಯಿಂದ ಪೆನ್ನು ಹಿಡ್ಕೊಂಡು ಕೂತಿದ್ದೀಯ. ಏನೇ ಅದು, ಪರೀಕ್ಷೆನಾ?"

"ಅಕ್ಕ, ನಿನ್ನೆ ಆ ಗೋದಾಮಿನಲ್ಲಿ..."

"ಎಷ್ಟು ಸೆಕೆಂಡು?"

"ಎಣಿಸಲಿಲ್ಲ. ನಾಲ್ಕಕ್ಕೆ ನಿಂತೋಯ್ತು."

"ಸುಳ್ಳು ಹೇಳ್ಬೇಡ. ನನ್ನ ಮದುವೇಲಿ ನಾನು ಬಟ್ಟೆ ಬದಲಾಯಿಸ್ತಿದ್ರೆ ಬಾಗಿಲ ಹೊರಗೆ ನಿಂತು ಎಣಿಸಿದೋಳು ನೀನು."

"ನಿಜವಾಗ್ಲೂ ಅಕ್ಕ. ಒಂದು ಗುಂಡಿ ಬಿಚ್ಚಿ ತಿರುಗಿದ್ಲು ಅಷ್ಟೇ, ಅದೇ ಕೋಟಲ್ಲಿ ಮುದುಕಿ ಆಗ್ಬಿಟ್ಟಿದ್ಲು. ಎಣಿಸೋದು ಮರೆತೇ ಹೋಯ್ತು."

ಅಕ್ಕನ ಮುಖದ ನಗು ಮೆಲ್ಲಗೆ ಆರಿತು. ತಂಗಿಯ ಎಣಿಕೆ ನಿಂತದ್ದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ, ಅಪ್ಪ ಸತ್ತ ದಿನವೂ. ಮೇಜಿನ ಬಟ್ಟೆಯ ಅಂಚನ್ನು ನೀವಿ ಸರಿಮಾಡಿದಳು.

"ನನ್ನ ಮುಖ ಯಾಕೆ ನೋಡ್ತೀಯ?" ಎಂದಳು. "ಚೀಟಿ ನೋಡು. ನನ್ನ ಮುಖದ ಮೇಲೆ ನಾಟಕದ ಹೆಸರು ಬರ್ದಿಲ್ಲ."

"ನಿನ್ನ ಕಿಟಕಿ?"

"ಕಿಟಕಿ ನಂದು. ಸಹಿ ನಿಂದು."

ದರ್ಜಿ ಗುರುತು ಹಾಕಿದಳು. ಗೆರೆ ಸೊಟ್ಟಗಾಯಿತು. ಇದನ್ನು ತಿರಸ್ಕರಿಸಿದರೆ ಎಂದು ಅದಕ್ಕೂ ಹೆದರಿದಳು. ಅಕ್ಕ ಚೀಟಿಯನ್ನು ನೋಡದೆ ಮಡಚಿ, ಲಕೋಟೆಗೆ ಹಾಕಿ, ತಾನೇ ಅಂಟಿಸಿದಳು. ಆಮೇಲೆ ಗೂಟದಲ್ಲಿದ್ದ ತಂಗಿಯ ಕೋಟನ್ನು ತಂದು ಅವಳ ಮೇಲೆ ಎಸೆದಳು.

"ಅಂಚೆಗೆ ಹೋಗೋ ಮುಂಚೆ ತೋರ್ಸು. ಅದ್ಹೇಗೆ ತಿರುಗಿದ್ಲು?"

ದರ್ಜಿ ಕೋಟು ತೊಟ್ಟಳು. ಬೆನ್ನು ತಿರುಗಿಸಿ, ಉಸಿರು ಹಿಡಿದು, ಮೇಲಿನ ಗುಂಡಿ ಬಿಚ್ಚಿ, ನಿಧಾನವಾಗಿ ತಿರುಗಿದಳು.

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ನೀನೇ ಇದ್ದೀಯಲ್ಲೇ!"

"ಅದೇ ಅಕ್ಕ," ಎಂದಳು ದರ್ಜಿ. "ಅದಕ್ಕೇ ಅವಳಿಗೆ ಹಾಕಿದ್ದು."