ನಾಳೆಪ್ಪ ಕಟ್ಟಿದ ತೊಂಡೆ ಚಪ್ಪರ

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೇನಲ್ಲ, ಹೋದ ವರ್ಷದ ಆಚೆ ವರ್ಷ, ಒಂದು ಬೀದಿಯ ತುದಿಯಲ್ಲಿ ಒಬ್ಬ ಬಡಗಿಯಿದ್ದ. ಅವನು ಮಾಡಿದ ಬಾಗಿಲು ಮಳೆಗಾಲದಲ್ಲೂ ಉಬ್ಬುತ್ತಿರಲಿಲ್ಲ, ಮಾಡಿದ ಮಂಚ ಎಂದೂ ಕಿರುಗುಟ್ಟುತ್ತಿರಲಿಲ್ಲ. ಆದರೆ ಯಾವ ಕೆಲಸ ಹೇಳಿದರೂ ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: ನಾಳೆ. ಹಾಗಾಗಿ ಬೀದಿಯವರು ಅವನ ನಿಜವಾದ ಹೆಸರು ಮರೆತು ನಾಳೆಪ್ಪ ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನ ಅಡುಗೆಮನೆ ಬಾಗಿಲಿಗೆ ಚಿಲಕದ ಬದಲು ಒಂದು ಹಗ್ಗವಿತ್ತು.

ಆ ಮನೆಯ ಹಿತ್ತಲು ಮಾತ್ರ ಅವನ ಅಮ್ಮನ ರಾಜ್ಯ. ಮಳೆ ಶುರುವಾಗುತ್ತಿದ್ದಂತೆ ಅಮ್ಮ ನೆಲ ಅಗೆದು, ಹೆಂಟೆ ಒಡೆದು, ಸೊಪ್ಪಿನ ಬೀಜ ಚೆಲ್ಲುತ್ತಿದ್ದಳು. ಎರಡು ತಿಂಗಳು ಸೊಪ್ಪೋ ಸೊಪ್ಪು. ಆಮೇಲೆ ಬರಿ ನೆಲ. ಆ ಬರಿ ನೆಲವನ್ನೂ ಅವಳು ದಿನಾ ಗುಡಿಸಿ, ಪೇರಲೆ ಮರದಿಂದ ಉದುರಿದ ಎಲೆಯನ್ನೆಲ್ಲ ರಾಶಿ ಹಾಕಿ ಬೆಂಕಿ ಕೊಡುತ್ತಿದ್ದಳು. ಹಿತ್ತಲು ಕನ್ನಡಿಯ ಹಾಗಿರಬೇಕು ಎಂಬುದು ಅವಳ ಹಟ.

ಆ ವರ್ಷ ಅಮ್ಮನ ಮಂಡಿ ಕೈಕೊಟ್ಟಿತು. ಕುಕ್ಕರಗಾಲಲ್ಲಿ ಕೂರಬಾರದು, ಗುದ್ದಲಿ ಮುಟ್ಟಬಾರದು ಎಂದರು ಡಾಕ್ಟರು.

"ಸರಿ ಬಿಡಮ್ಮ, ಸಿಮೆಂಟ್ ಹಾಕಿಬಿಡೋಣ," ಎಂದ ನಾಳೆಪ್ಪ. "ನನಗೂ ಹಲಗೆ ಒಣಗಿಸೋಕೆ ಜಾಗ ಆಗತ್ತೆ."

ಸೊಸೆ ತಟ್ಟೆಗೆ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಅಮ್ಮ ಎದ್ದುಹೋಗಿ, ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಮದುವೆಯಾಗಿ ಬಂದಾಗಿನಿಂದ ಅವಳು ತನ್ನದು ಎಂದುಕೊಂಡದ್ದು ಆ ಒಂದು ತುಂಡು ಮಣ್ಣನ್ನು ಮಾತ್ರ.

ಮಂಡಿಗೆ ವ್ಯಾಯಾಮ ಹೇಳಿಕೊಡಲು ಬಂದ ಪಕ್ಕದ ಬೀದಿಯ ನರ್ಸಕ್ಕ ಅವಳ ಮುಖ ನೋಡಿಯೇ ಕೇಳಿದಳು, "ಏನಾಯ್ತು ದೊಡ್ಡಮ್ಮ?"

"ಇನ್ಮೇಲೆ ಅಗೆಯೋ ಹಾಗಿಲ್ವಂತೆ. ಅಗೀದೆ ಏನು ಬೆಳೆಯತ್ತೆ ಹೇಳು? ಕಳೆ."

"ಆ ಪೇರಲೆ ಮರಾನ ವರ್ಷಾ ವರ್ಷಾ ಬಿತ್ತುತ್ತೀರಾ?"

"ನಿಂಗೆಲ್ಲೋ ತಲೆ ಕೆಟ್ಟಿದೆ."

"ಹಂಗೇ ದೊಡ್ಡಮ್ಮ, ಸೊಪ್ಪು ತರಕಾರೀಲೂ ಪೇರಲೆ ಥರದವು ಇದಾವೆ. ತೊಂಡೆ, ಬಸಳೆ, ನುಗ್ಗೆ, ಚಕ್ರಮುನಿ ಸೊಪ್ಪು. ಒಂದ್ಸಲ ನೆಟ್ರೆ ವರ್ಷಗಟ್ಟಲೆ ಕೊಡ್ತಾವೆ. ಬೀಜಾನೂ ಕೊಳ್ಳಬೇಡಿ. ನಮ್ಮನೇಲಿ ಎಲ್ಲಾ ಇದೆ, ಕಡ್ಡಿ ಮುರಿದು ಕೊಡ್ತೀನಿ. ಸಣ್ಣ ಗುಂಡಿ ತೋಡಿ ಚುಚ್ಚಿದ್ರಾಯ್ತು."

ನಾಳೆಪ್ಪ ಒಳಗಿಂದ ಬಂದ. "ಏನಕ್ಕ, ಇಂಜೆಕ್ಷನ್ ಚುಚ್ಚೋದು ಬಿಟ್ಟು ಕಡ್ಡಿ ಚುಚ್ಚೋಕೆ ಶುರು ಮಾಡಿದ್ರಾ?"

"ಕಡ್ಡಿ ಚುಚ್ಚಿದವರ ಮನೇಲಿ ಇಂಜೆಕ್ಷನ್ ಕೆಲಸ ಕಮ್ಮಿ ಆಗತ್ತಪ್ಪ."

"ಈ ಕಲ್ಲು ನೆಲದಲ್ಲಾ? ನೋಡೇಬಿಡೋಣ. ತೊಂಡೆ ಬಳ್ಳಿ ನನ್ನ ಭುಜದ ಎತ್ತರಕ್ಕೆ ಹತ್ತಲಿ, ನಾನೇ ಕೈಯಾರೆ ಚಪ್ಪರ ಹಾಕಿಕೊಡ್ತೀನಿ. ಹತ್ತಲಿಲ್ಲ ಅಂದ್ರೆ ಸಿಮೆಂಟು."

"ಮಾತು ಕೊಟ್ಟ ಹಾಗಾಯ್ತು," ಎಂದಳು ಅಮ್ಮ.

"ಕೊಟ್ಟೆ."

"ಚಪ್ಪರ ಯಾವಾಗ ಅಂತಲೂ ಕೇಳಿಬಿಡಿ ಅತ್ತೆ," ಎಂದು ಹೊಲಿಗೆ ಮಿಶಿನ್ ಮುಂದೆ ಕೂತಿದ್ದ ಅವನ ಹೆಂಡತಿ ಒಳಗಿಂದ ಕೂಗಿದಳು. ನಾಳೆಪ್ಪನಿಗೂ ನಗು ಬಂತು.

ಮರುದಿನ ನರ್ಸಕ್ಕ ಕಡ್ಡಿಗಳನ್ನು ತಂದುಕೊಟ್ಟಳು. ಹೊರಡುವ ಅವಸರದಲ್ಲಿ, "ನೆಟ್ಟ ಮೇಲೆ ನೆಲಾನ ಬರಿ ಮೈಯಲ್ಲಿ ಬಿಡಬೇಡಿ, ಒಣಗಿದ್ದು ಏನಾದ್ರೂ ಹೊದಿಸಿ," ಎಂದು ಹೇಳಿ, ಲಸಿಕೆ ಹಾಕುವ ಕೆಲಸಕ್ಕೆ ದೂರದ ಊರುಗಳಿಗೆ ಹೋದಳು.

ಸೊಸೆ ಕಡ್ಡಿ ನೆಟ್ಟಳು. ಹೊದಿಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾಳೆಪ್ಪನಿಗೆ ಹುರುಪು ಬಂತು. ಅವನು ಮರಗೆಲಸ ಮಾಡುವ ಕೊಟ್ಟಿಗೆಯಲ್ಲಿ ಗರಗಸದಿಂದ ಉದುರಿದ ಮರದ ಹೊಟ್ಟು ಗುಡ್ಡದಷ್ಟಿತ್ತು. ಚೀಲಗಟ್ಟಲೆ ತಂದು ಸುರಿದ. ಬಡಗಿಯ ಕೈ ನೋಡಿ, ಒರಟು ಕೆಲಸ ಒಗ್ಗದು. ಚೆನ್ನಾಗಿ ಬೆರೆಯಲಿ ಎಂದು ಮಣ್ಣಿನೊಳಗೇ ಕಲಸಿ, ಹಲಗೆ ಎಳೆದು ಮಟ್ಟ ಮಾಡಿದ. ಅಮ್ಮ ಕುಂಟುತ್ತಲೇ ಬಂದು ಅದರ ಮೇಲೆ ಬಿದ್ದ ಎಲೆಯನ್ನೆಲ್ಲ ಗುಡಿಸಿ ಎಂದಿನಂತೆ ಬೆಂಕಿ ಕೊಟ್ಟಳು.

ಕಡ್ಡಿಗಳು ಚಿಗುರಿದವು. ಆಮೇಲೆ ಒಂದೊಂದಾಗಿ ಹಳದಿಯಾದವು. ತೊಂಡೆ ಗೇಣುದ್ದಕ್ಕೇ ನಿಂತಿತು.

"ನಾನು ಹೇಳಲಿಲ್ವಾ?" ಎಂದ ನಾಳೆಪ್ಪ. ಸಿಮೆಂಟ್ ಚೀಲಗಳು ಬಂದು ಹಿತ್ತಲ ಗೋಡೆಗೆ ಒರಗಿದವು. "ನಾಳೆ ಹಾಕ್ತೀನಿ."

ಅವನ ನಾಳೆಯ ಗುಣ ಅದೊಂದು ಸಲ ಮನೆಗೆ ಒಳ್ಳೆಯದೇ ಮಾಡಿತು. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಒಂದು ಬೆಳಿಗ್ಗೆ ಅಮ್ಮ ಗೋಡೆ ಹಿಡಿದುಕೊಂಡು ಪೇರಲೆ ಮರದ ಹಿಂದಕ್ಕೆ ಹೋದಳು. ಮಂಡಿ ನೋವಾದ ಮೇಲೆ ಅವಳ ಪೊರಕೆ ಅಲ್ಲಿಯವರೆಗೆ ಹೋಗಿರಲಿಲ್ಲ. ನಾಳೆಪ್ಪನ ಹೊಟ್ಟೂ ಅಲ್ಲಿಗೆ ಬಂದಿರಲಿಲ್ಲ. ಎಲೆ ಗೇಣೆತ್ತರ ಬಿದ್ದಿತ್ತು. ಉಳಿದ ಒಂದು ತೊಂಡೆ ಕಡ್ಡಿಯನ್ನು ಸೊಸೆ ಅಲ್ಲೇ ಸುಮ್ಮನೆ ಸಿಕ್ಕಿಸಿದ್ದಳು. ಅದು ಕಡುಹಸಿರಾಗಿ, ಮರದ ಕಾಂಡ ಹಿಡಿದು ಮೇಲೇರುತ್ತಿತ್ತು.

ಅಮ್ಮ ಊರುಗೋಲಿನಿಂದ ಎಲೆ ಸರಿಸಿದಳು. ಕೆಳಗೆ ಮಣ್ಣು ಕಪ್ಪಗೆ, ತೇವವಾಗಿತ್ತು. ಎರೆಹುಳುಗಳು ಮಿಸುಕಾಡಿದವು.

"ಏ ಹುಡುಗಿ, ಮಿಶಿನ್ ನಿಲ್ಲಿಸಿ ಬಾ ಇಲ್ಲಿ," ಎಂದು ಸೊಸೆಯನ್ನು ಕರೆದಳು. "ನರ್ಸಮ್ಮ ಊರಿಗೆ ಬಂದಳಾ ನೋಡು."

ನರ್ಸಕ್ಕ ಅಂದು ಸಂಜೆಯೇ ಬಂದಳು. ಮಣ್ಣನ್ನು ಹಿಡಿಯಲ್ಲಿ ತೆಗೆದು ನೋಡಿ, ಹಣೆ ಚಚ್ಚಿಕೊಂಡಳು. "ನನ್ನದೇ ತಪ್ಪು, ಬಿಡಿಸಿ ಹೇಳದೆ ಹೋದೆ. ಹಸಿ ಹೊಟ್ಟನ್ನ ಮಣ್ಣಿಗೆ ಕಲಸಿದ್ರೆ, ಅದು ಕೊಳೆಯೋಕೆ ಅಂತ ನೆಲದ ಸತ್ವಾನೇ ಎಳಕೊಳ್ಳತ್ತೆ. ಗಿಡಕ್ಕೆ ಏನೂ ಉಳಿಯಲ್ಲ. ಹೊದಿಕೆ ಅಂದ್ರೆ ಮೇಲೆ ಹೊದಿಸೋದು, ಒಳಗೆ ತುರುಕೋದಲ್ಲ. ಕಂಬಳಿ ಹೊದೀತೀವಾ, ನುಂಗ್ತೀವಾ?"

"ಹಾಗಾದ್ರೆ ನನ್ನ ಹೊಟ್ಟು ದಂಡಾನಾ?" ಎಂದ ನಾಳೆಪ್ಪ, ಪೆಚ್ಚಾಗಿ.

"ಓಡಾಡೋ ದಾರಿ ಮೇಲೆ ಹಾಕು, ಕೆಸರಾಗಲ್ಲ. ಆದ್ರೆ ಪ್ಲೈವುಡ್ ಪುಡಿ, ಪಾಲಿಶ್ ಹೊಡೆದ ಮರದ ಪುಡಿ ಹಿತ್ತಲಿಗೇ ತರಬೇಡ. ಅದರಲ್ಲಿ ಅಂಟು, ಬಣ್ಣ ಇರತ್ತೆ."

"ಮತ್ತೆ ನಾನು ಸುಟ್ಟಿದ್ದು?" ಎಂದಳು ಅಮ್ಮ.

"ಅದು ನೆಲದ ಊಟ ದೊಡ್ಡಮ್ಮ. ಮರ ತಾನೇ ಬಡಿಸ್ತಾ ಇತ್ತು, ನೀವು ಎಲೆ ಎತ್ತಿಬಿಡ್ತಿದ್ರಿ."

ಅಮ್ಮ ಪೊರಕೆಯನ್ನು ಮೆಟ್ಟಿಲಿಗೆ ಒರಗಿಸಿದಳು. "ನಾನು ಇಷ್ಟು ವರ್ಷ ಚೊಕ್ಕ ಅಂದ್ಕೊಂಡಿದ್ದೆ," ಎಂದಷ್ಟೇ ಹೇಳಿದಳು.

ಸೊಸೆ ಹೊಟ್ಟು ಬೆರೆತ ಮೇಲ್ಮಣ್ಣನ್ನು ಕೆರೆದು ದಾರಿಗೆ ಹಾಕಿದಳು. ಬುಡಕ್ಕೆ ಹಳೆಯ ಗೊಬ್ಬರ ಕೊಟ್ಟು, ಮೇಲೆ ಒಣ ಎಲೆ ದಪ್ಪಗೆ ಹರಡಿದಳು. ಕಾಂಡ ಕೊಳೆಯದಂತೆ ಸುತ್ತ ಒಂದು ಗೇಣು ಜಾಗ ಬಿಟ್ಟಳು. ಅಷ್ಟರಲ್ಲಿ ಜೋರು ಮಳೆ ಬಂತು. ನಾಳೆ, ನಾಳೆ ಎಂದು ಹೊರಗೇ ಬಿಟ್ಟಿದ್ದ ಸಿಮೆಂಟ್ ಚೀಲಗಳು ನೆನೆದು ಬಂಡೆಯಾದವು. ಅಮ್ಮ ಒಂದರ ಮೇಲೆ ಕೂತು, "ಗಟ್ಟಿ ಕೆಲಸ ಕಣೋ ಮಗನೇ," ಎಂದಳು.

ಬಸಳೆ ಬೇಲಿ ಹಿಡಿಯಿತು. ಚಕ್ರಮುನಿ ಪೊದೆಯಾಯಿತು, ಕೊಯ್ದಷ್ಟೂ ಚಿಗುರಿತು. ನುಗ್ಗೆಯ ತುದಿ ಕಡಿದದ್ದರಿಂದ ಅದು ಆಕಾಶಕ್ಕೇರದೆ ಕೈಗೆ ಸಿಗುವಂತೆ ಕವಲೊಡೆಯಿತು. ಬೇಸಿಗೆಯಲ್ಲೂ ಎಲೆ ಹೊದಿಕೆಯ ಕೆಳಗೆ ತೇವ ಉಳಿದಿತ್ತು. ಸೋಪು ತಾಗದ, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರೇ ಗಿಡಗಳಿಗೆ ಬಹುಪಾಲು ಸಾಕಾಗುತ್ತಿತ್ತು. ತೊಂಡೆ ನಾಳೆಪ್ಪನ ಭುಜ ದಾಟಿತು, ತಲೆ ದಾಟಿತು, ಬಟ್ಟೆ ಒಣಹಾಕುವ ಹಗ್ಗ ಹಿಡಿಯಿತು.

"ರೀ, ಚಪ್ಪರ?"

"ನಾಳೆ."

ಹಗ್ಗ ಹರಿಯಿತು. ಬಳ್ಳಿ ನೆಲಕ್ಕೆ ಬಿದ್ದು ಅಲ್ಲೇ ಹರಡಿತು, ಅಲ್ಲೇ ಕಾಯಿ ಬಿಟ್ಟಿತು. ಒಂದು ಮಧ್ಯಾಹ್ನ ನಾಳೆಪ್ಪ ಹಲಗೆ ತೆಗೆದುಕೊಳ್ಳಲು ಹಿತ್ತಲಿಗೆ ಬಂದರೆ, ಅಮ್ಮ ನೆಲದ ಮೇಲೆ ಕುಕ್ಕರಿಸಿದ್ದಳು. ಮಡಿಲಲ್ಲಿ ತೊಂಡೆಕಾಯಿ. ಒಂದು ಕೈ ಸಿಮೆಂಟ್ ಬಂಡೆ ಹಿಡಿದಿತ್ತು.

"ಕೂತೇನೋ ಕೂತೆ," ಎಂದಳು. "ಏಳೋಕಾಗ್ತಿಲ್ಲ. ನೀನು ಬರಲಿ ಅಂತ ಕಾಯ್ತಿದ್ದೆ."

"ಕೂಗಬಾರದಾ ಅಮ್ಮ?"

"ಕೂಗಿದ್ರೆ ನಾಳೆ ಬರ್ತೀನಿ ಅಂದ್ರೆ?"

ನಾಳೆಪ್ಪ ತೋಳಿಗೆ ಕೈ ಕೊಟ್ಟು ಎಬ್ಬಿಸಿ ನಿಲ್ಲಿಸಿದ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

"ಕೈ ಮೇಲೆತ್ತು. ಅಷ್ಟಲ್ಲ, ನೋವಾಗದಷ್ಟು."

ಅಮ್ಮನ ಬೆರಳ ತುದಿ ಮುಟ್ಟಿದಲ್ಲಿ ಗೋಡೆಗೆ ಗೆರೆ ಹಾಕಿದ. ಆಗಲೇ ಕಂಬ ಹುಗಿಯಲು ಗುಂಡಿ ತೋಡಿದ. ಬೀದಿಯವರು ಸುತ್ತಿಗೆ ಸದ್ದು ಕೇಳಿ, ಇದು ನಾಳೆಪ್ಪನ ಮನೆಯೇ ಹೌದಾ ಎಂದು ಬೇಲಿಯಾಚೆಯಿಂದ ಇಣುಕಿದರು.

ಅವನು ಕಂಬಗಳಿಗೆ ಮರದ ಪಟ್ಟಿ ಹೊಡೆಯುತ್ತಿರಲಿ, ಅಷ್ಟರೊಳಗೆ ನಿಮ್ಮ ಹತ್ತಿರ ಒಂದು ಮಾತು. ನಿಮ್ಮ ಹಿತ್ತಲಲ್ಲೋ, ಬಚ್ಚಲ ಹಿಂದೆಯೋ, ಗೋಡೆ ಪಕ್ಕದಲ್ಲೋ ಒಂದು ಹಾಸಿಗೆಯಗಲ ಮಣ್ಣಿದ್ದರೆ ಸಾಕು. ಅಕ್ಕಪಕ್ಕದವರಲ್ಲಿ ಒಂದು ಕಡ್ಡಿ ಕೇಳಿ, ನೆಡಿ. ಉದುರಿದ ಎಲೆಗೆ ಬೆಂಕಿ ಇಡಬೇಡಿ, ಬುಡಕ್ಕೆ ಹೊದಿಸಿ. ವರ್ಷಾ ವರ್ಷಾ ಅಗೆಯಬೇಡಿ. ನಿಮ್ಮ ಗಿಡ ಬೆಳೆದ ಮೇಲೆ ಕೇಳಿದವರಿಗೂ ಒಂದು ಕಡ್ಡಿ ಮುರಿದು ಕೊಡಿ. ಇವತ್ತೇ ಮಾಡಿ. ನಾಳೆ ಎಂದವನ ಕಥೆ ಈಗಷ್ಟೇ ಕೇಳಿದ್ದೀರಿ.

ಹೊತ್ತು ಇಳಿಯುವ ವೇಳೆಗೆ ನಾಳೆಪ್ಪ ಬಾಯಲ್ಲಿ ಕಚ್ಚಿದ್ದ ಕೊನೆಯ ಮೊಳೆಯನ್ನೂ ಹೊಡೆದು ಸ್ಟೂಲಿನಿಂದ ಕೆಳಗಿಳಿದ. ಅವನ ಹೆಂಡತಿ ಬಳ್ಳಿಯನ್ನು ಎತ್ತಿ ಚಪ್ಪರದ ಮೇಲೆ ಹಬ್ಬಿಸಿದಳು. ಅಮ್ಮ ಅದರ ಕೆಳಗೆ ಬಂದು, ನೆಟ್ಟಗೆ ನಿಂತೇ ಕೈ ಎತ್ತಿ, ಒಂದು ತೊಂಡೆಕಾಯಿ ಕಿತ್ತಳು.