ಖಾಲಿ ಎಂದು ಗುರುತಾದ ಮನೆ

"ಎಂತ ಮಾರಾಯ್ರೇ, ಅರ್ಧ ಊರನ್ನೇ ಖಾಲಿ ಮಾಡಿಟ್ಟಿದ್ದೀರಲ್ಲ!" ಫೋನಿನಲ್ಲಿ ಜಾರ್ಜ್ ರೇಗಿದ.

ಊರು ಇದ್ದದ್ದು ಅಮೆರಿಕದ ಅಯೋವಾದಲ್ಲಿ. ಜರ್ಮನಿಯಿಂದ ವಲಸೆ ಬಂದ ರೈತರು ನೂರು ವರ್ಷದ ಹಿಂದೆ ಕಟ್ಟಿಕೊಂಡ ಮರದ ಮನೆಗಳು. ಈಗ ಜನ ಕರಗಿ, ಯಾವ ಮನೆ ಉಳಿಸಬೇಕು, ಯಾವುದನ್ನು ಕೆಡವಬೇಕು ಎಂದು ಅಲ್ಲಿನ ಕೌಂಟಿ ಕಚೇರಿ, ಅಂದರೆ ಜಿಲ್ಲಾಡಳಿತ, ಸಮೀಕ್ಷೆಗೆ ಇಳಿದಿತ್ತು. ಫೋಟೋ ನೋಡಿ 'ವಾಸವಿದೆ', 'ಖಾಲಿ' ಎಂದು ಗುರುತು ಹಾಕುವ ಕೆಲಸ ಜಾರ್ಜ್‌ನ ಕಂಪನಿಯ ಮೂಲಕ ಕುವೈತಿನ ಜಾಬ್ರಿಯಾದ ಫ್ಲ್ಯಾಟಿನಲ್ಲಿ ಕೂತ ಚಂದ್ರಪ್ರಭಾಳಿಗೆ ಬಂದಿತ್ತು.

"ಸುಮ್ನೆ ಹಾಕಿಲ್ಲ ಸರ್. ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ ಇಲ್ಲ, ಹೊರಗೆ ಒಣಹಾಕಿದ ಒಂದು ಬಟ್ಟೆ ಇಲ್ಲ. ದೊಡ್ಡದು ಮಾಡಿ ಮಾಡಿ ನೋಡಿದೀನಿ."

ಜಾರ್ಜ್ ನಕ್ಕುಬಿಟ್ಟ. "ಚಪ್ಪಲಿಯಾ! ಆ ಚಳಿಗೆ ಚಪ್ಪಲಿ ಯಾರು ಹೊರಗಿಡ್ತಾರೆ ಮೇಡಂ? ಇನ್ನು ಮೇಲಾದ್ರೂ ಸರಿ ನೋಡಿ."

"ಹೋದ ವಾರ ಕಳಿಸಿದ್ದು?"

"ಅದು ಹೋಯ್ತು, ಖಲಾಸ್. ತಪ್ಪಾಗಿದೆ ಅಂತ ನಾವೇ ಹೇಳಿದ್ರೆ ಕಾಂಟ್ರಾಕ್ಟ್ ಉಳೀತದಾ?"

ಅವಳು ಹೋದ ವಾರದ ಫೋಟೋಗಳನ್ನು ಮತ್ತೆ ತೆರೆದಳು. ಚರ್ಚಿನ ಹಿಂದಿನ ಹಳದಿ ಮನೆಗೆ 'ಖಾಲಿ' ಎಂದು ತಾನೇ ಹಾಕಿದ ಕೆಂಪು ಗುರುತು. ಅಂಗಳದ ತುಂಬ ಹಿಮ. ಆದರೆ ರಸ್ತೆಯಿಂದ ಬಾಗಿಲವರೆಗೆ ಒಂದಾಳು ನಡೆಯುವಷ್ಟು ದಾರಿಯನ್ನು ಯಾರೋ ಕೆರೆದು ಬಿಡಿಸಿದ್ದರು. ಸಲಿಕೆ ಇನ್ನೂ ಗೋಡೆಗೆ ಒರಗಿತ್ತು. ಅಷ್ಟು ಕಣ್ಣಿಟ್ಟು ನೋಡಿಯೂ ಇದು ಕಾಣಲಿಲ್ಲವಲ್ಲ!

ಕೌಂಟಿ ಕಚೇರಿಯ ನಂಬರು ಹುಡುಕಿ ಒತ್ತಿದಳು.

"ಅಮ್ಮಾ, ದೇರ್ ಇಟ್ಸ್ ಸ್ಟಿಲ್ ನೈಟ್," ಎಂದಳು ಮಗಳು ಶ್ರಾವಣಿ. "ನೋಬಡಿ ವಿಲ್ ಪಿಕ್ ಅಪ್."

"ನೀನು ಸುಮ್ನಿರೇ."

ಸಂದೇಶ ಬಿಡಿ ಎಂದಿತು ಯಂತ್ರ. ಚಂದ್ರಪ್ರಭಾ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದಳು, ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದಳು, ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳಿದಳು. ಕುವೈತ್ ಎನ್ನುವಷ್ಟರಲ್ಲಿ ಕುಂಯ್ ಎಂದು ಲೈನು ಕಡಿಯಿತು.

ಶ್ರಾವಣಿ ಕಿಸಕ್ಕೆಂದಳು. "ಯು ಡಿಡಂಟ್ ಈವನ್ ಸೇ ವೈ ಯು ಕಾಲ್ಡ್!"

ಮತ್ತೆ ಒತ್ತಿದಳು. ಈ ಸಲ ನಮಸ್ಕಾರವಿಲ್ಲ, ಹೆಸರಿಲ್ಲ. "ಚರ್ಚಿನ ಹಿಂದಿನ ಹಳದಿ ಮನೆ. ಅಲ್ಲಿ ಯಾರೋ ಇದ್ದಾರೆ. ಕೆಡವಬೇಡಿ."

ಹೇಳಿ ಮುಗಿದ ಮೇಲೂ ಅವಳು ಫೋನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆ ಯಂತ್ರ ಅವಳ ಉಸಿರನ್ನು ಮುದ್ರಿಸಿಕೊಳ್ಳುತ್ತಲೇ ಇತ್ತು.