ಕೆಂಚ ಈ ಸಲವೂ ಬಾಯಿ ಬಿಡಲಿಲ್ಲ

ತುಮಕೂರು, ಗುಬ್ಬಿ, ಕುಣಿಗಲ್ಲು ಮೂರನ್ನೂ ಒಂದೇ ಜರಡಿಗೆ ಹಾಕಿ ಜಾಲಿಸಿದರೂ ಆ ಜಪಾನಿ ಅನಿಮೆಯನ್ನು, ಅದೇ ಕಾರ್ಟೂನು ಸೀರಿಯಲ್ಲನ್ನು, ನನ್ನಷ್ಟು ಸಲ ನೋಡಿದ ಗಂಡಸು ಇನ್ನೊಬ್ಬ ಉದುರುವುದಿಲ್ಲ. ಅದನ್ನು ಬರೆದವರು ನಡುವೆ ಏನಾದರೂ ಮರೆತಿದ್ದರೆ ಗುಬ್ಬಿಗೆ ಫೋನ್ ಮಾಡಿ ನನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ, ಅದು ಅವರ ನಷ್ಟ.

ನಾನು ಸಂಗಮೇಶ. ಇರುವುದು ಗುಬ್ಬಿ, ಕೆಲಸ ತುಮಕೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮೇಷ್ಟರು. ನಾನು ಲ್ಯಾಬಿಗೆ ಕಾಲಿಟ್ಟರೆ ಸಾಕು, ಕೆಟ್ಟು ಕೂತ ಮಾನಿಟರುಗಳು ಹೆದರಿ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಬೇಕಾದರೆ ಬಂದು ನೋಡಿ.

ಮಾನಸಾ ಅದೇ ಸ್ಕೂಲಿನ ಕರಾಟೆ ಟೀಚರು. ದಿನಾ ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಬಸ್ ಹತ್ತಿದರೆ ಇಡೀ ಸೀಟು ತುಂಬಿಕೊಂಡು ಕಾಲು ಚಾಚಿದವರೂ ತಾವಾಗಿಯೇ ಮಡಚಿಕೊಳ್ಳುತ್ತಿದ್ದರಂತೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಹುಡುಗಿಯರಿಗೆ ಒದೆಯುವುದು ಹೇಳಿಕೊಡುತ್ತಿದ್ದಳು. ಎಡಗಾಲಿನ ಮೇಲೆ ಬುಗುರಿಯ ಹಾಗೆ ಒಂದು ಸುತ್ತು ಸುತ್ತಿ, ಬಲಗಾಲು ಗಾಳಿಗೆ. ನಾನು ಟಿಫಿನ್ ಡಬ್ಬಿ ಹಿಡಿದು ಹಾದು ಹೋಗುತ್ತಿದ್ದವನು ಅಲ್ಲೇ ನಿಂತೆ.

"ಮೇಡಂ, ಇದು ಹನಾಕೋ ಒದೆಯೋ ಸ್ಟೈಲಲ್ವಾ?"

ಅವಳು ಕಾಲನ್ನು ಗಾಳಿಯಲ್ಲೇ ಬಿಟ್ಟು ನನ್ನ ಕಡೆ ತಿರುಗಿದಳು. "ನಿಮಗೆ ಹೆಂಗ್ ಗೊತ್ತು?"

ಅವಳು ಕರಾಟೆಗೆ ಸೇರಿದ್ದೇ ಆ ಅನಿಮೆ ನೋಡಿ. ಅರ್ಧ ನೋಡುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಬಂತು, ಅಪ್ಪ ಕೇಬಲ್ ಕಟ್ ಮಾಡಿಸಿದರು. ಕೊನೆಗೆ ಏನಾಯಿತು ಅನ್ನುವುದು ಇವತ್ತಿಗೂ ಗೊತ್ತಿಲ್ಲ ಅಂದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಂಟಾ ಅಂತ ಒಬ್ಬ ಹುಡುಗ, ಗುದ್ದಿದರೆ ಗುಡ್ಡ ಸೀಳುತ್ತದೆ. ಹನಾಕೋ ಅವನ ಗುರುವಿನ ಮಗಳು, ಅವಳು ಒದ್ದರೆ ಗುಡ್ಡ ಸೀಳಿದ ಆ ಕೆಂಟಾನೇ ಹೆಂಚಿನ ಮನೆಗಳ ಮೇಲೆ ಹಾರಿ ಊರಾಚೆ ಕೆರೆಗೆ ಬೀಳುತ್ತಾನೆ. ಇಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ಪ್ರಾಣ. ಅವನು ಹೇಳೋಣ ಅಂತ ಬಾಯಿ ತೆಗೆದಾಗಲೆಲ್ಲ ಗೋಡೆ ಒಡೆದುಕೊಂಡು ಯಾವನಾದರೂ ಒಬ್ಬ ಕಾಳಗಕ್ಕೆ ಬರುತ್ತಾನೆ. ಇದೇ ಕಥೆ. ಸಾವಿರ ಸಲ ನೋಡಿದ್ದೇನೆ. ಪ್ರತಿ ಸಲವೂ ಟೀವಿ ಮುಂದೆ ಕೂತು "ಹೇಳೋ, ಈಗ ಹೇಳೋ, ಗೋಡೆ ಬೀಳೋಕೆ ಮುಂಚೆ ಹೇಳೋ" ಅಂತ ಕೂಗಿದ್ದೇನೆ. ನಮ್ಮಮ್ಮ ಕ್ರಿಕೆಟ್ ಮ್ಯಾಚು ಅಂದುಕೊಂಡಿದ್ದಳು.

"ಕೊನೇಲಿ ಹೇಳ್ತಾನಾ?" ಅಂತ ಕೇಳಿದಳು ಮಾನಸಾ.

"ಹೇಳಿಬಿಟ್ರೆ ಮಜಾ ಇರಲ್ಲ. ಮೊದಲಿಂದ ನೋಡಿ, ನನ್ನತ್ರ ಪೂರ್ತಿ ಇದೆ."

"ಭಾನುವಾರ ಮನೆಗೆ ತನ್ನಿ ಹಂಗಾದ್ರೆ. ಅಜ್ಜಿ ಜೊತೇಲಿ ಕೂರ್ತಾರೆ, ಪರ್ವಾಗಿಲ್ವಾ?"

ಅಜ್ಜಿ ಜೊತೆಯಲ್ಲಿ ಇಡೀ ಕುಣಿಗಲ್ ಪೇಟೆ ಬಂದು ಕೂತರೂ ನನಗೆ ಪರವಾಗಿರಲಿಲ್ಲ.

ಆ ಭಾನುವಾರ ನಾನು ಗುಬ್ಬಿಯಿಂದ ಬೈಕು ಹೊಡೆದ ಸ್ಪೀಡಿಗೆ ತುಮಕೂರು ದಾಟಿದ್ದು ತುಮಕೂರಿಗೇ ಗೊತ್ತಾಗಲಿಲ್ಲ. ಮನೆಯಲ್ಲಿ ಮಾನಸಳ ಅಪ್ಪ ಶಿವರಾಮಯ್ಯನವರು, ನೆಲದ ಮೇಲೆ ಅವರ ತಾಯಿ ಭದ್ರಮ್ಮ, ಮುಂದೆ ಒಂದು ಮೊರದ ತುಂಬ ಅವರೆಕಾಯಿ. ಅಜ್ಜಿ ನನ್ನನ್ನು ಕೂರಿಸುವ ಮುಂಚೆಯೇ ವಿಚಾರಣೆ ಶುರು ಮಾಡಿತು.

"ಯಾವೂರ್ಲಾ? ಯಾರ ಪೈಕಿ?"

"ಗುಬ್ಬಿ ಅಜ್ಜಿ. ಅಡವಿಯಪ್ಪನವರ ಮೊಮ್ಮಗ."

"ಅಯ್ಯೋ ಶಿವನೇ, ಅಡವಿಯಪ್ಪನ ಮೊಮ್ಮಗನಾ! ನಿಮ್ಮಜ್ಜಿ ಗೂಳೂರ ಕಡೆಯೋಳು ಅಲ್ವಾ? ನಮ್ಮೋರೇ ಕಣೋ ಶಿವರಾಮ ಇವ್ನು." ಅಜ್ಜಿ ಬೆರಳು ಮಡಚುತ್ತ ಏನೇನೋ ಸಂಬಂಧ ಕೂಡಿ ಕಳೆಯಿತು. "ಆ ಕಡೆಯಿಂದ ಹಿಡಿದ್ರೆ ಒಂದ್ ವರಸೆ, ಈ ಕಡೆಯಿಂದ ಹಿಡಿದ್ರೆ ಇನ್ನೊಂದು. ಹೂಂ, ನೀನೇ ಹೇಳು. ನಮ್ ಶಿವರಾಮನ್ನ ಏನಂತ ಕರೀತೀಯ?"

ಮಾನಸಾ ಕಾಫಿ ಲೋಟ ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು.

ನನ್ನ ನಾಲಿಗೆ ಎಂಥದ್ದು ಅಂತ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಲ್ಲದ ಹುಲಿಯನ್ನು ಹಿಡಿದು ಕಟ್ಟಿಹಾಕುವ ನಾಲಿಗೆ. ಆದರೆ ಮೊದಲ ದಿನವೇ, ಕಾಫಿಯ ಹಬೆ ಆರುವ ಮುಂಚೆಯೇ, ಅವಳ ಎದುರಿಗೆ ಅವಳಪ್ಪನನ್ನು 'ಮಾವ' ಅನ್ನುವುದಾ? ಮರ್ಯಾದೆಯೂ ಇರಬೇಕು, ಮನೆಯವನ ಹಾಗೂ ಕಾಣಬೇಕು ಅಂತ ಬಾಯಿಗೆ ಬಂದದ್ದು ಹೇಳಿದೆ.

"ಚಿಕ್ಕಪ್ಪ ಅಂತೀನಿ ಅಜ್ಜಿ."

ಅಜ್ಜಿಯ ಮಡಚಿದ ಬೆರಳು ಹಾಗೇ ನಿಂತವು. ಒಂದು ಸಲ ಮಾನಸಳನ್ನು ನೋಡಿತು. ಆಮೇಲೆ ಅವರೆಕಾಯಿಗೆ ಕೈ ಹಾಕಿ, "ಆಯ್ತು ಬುಡು," ಅಂತು. ಸಂತೋಷಕ್ಕೆ ಮಾತು ಹೊರಡಲಿಲ್ಲ ಅಂದುಕೊಂಡೆ ನಾನು, ಬುದ್ಧಿವಂತ.

ಅನಿಮೆ ಮಾತಾಡುವುದು ಜಪಾನಿಯಲ್ಲಿ, ಕೆಳಗೆ ಅಕ್ಷರ ಇಂಗ್ಲಿಷಿನಲ್ಲಿ. ಭದ್ರಮ್ಮನಿಗೆ ಎರಡೂ ಒಂದೇ. ಅದಕ್ಕೆ ಕನ್ನಡ ಮಾಡಿ ಹೇಳುವ ಕೆಲಸ ನನಗೆ ಬಂತು. ಅಜ್ಜಿ ಮೊದಲ ಭಾಗ ಮುಗಿಯುವಷ್ಟರಲ್ಲಿ ಕೆಂಟಾನನ್ನು ಕೆಂಚ ಮಾಡಿತು, ಹನಾಕೋಳನ್ನು ಹೊನ್ನಿ ಮಾಡಿತು. ನಾನು ಉಳಿದದ್ದು ಮಾಡಿದೆ. ಪರದೆಯಲ್ಲಿ ಕೆಂಚ ಬಟ್ಟಲು ಹಿಡಿದು ಏನೋ ಗೊಣಗುತ್ತಾನೆ.

"ಏನಂದ?" ಅಂತು ಅಜ್ಜಿ.

"'ಹೊನ್ನೀ, ನಿನ್ ಕೈಯಿಂದ ಬಿದ್ರೆ ಕಲ್ಲೂ ನನಗೆ ಕಡುಬು. ಏಳು ಸಮುದ್ರ ಈಜ್ಕೊಂಡು ಬಂದಿದ್ದು ಈ ಒಂದು ತುತ್ತಿಗೆ' ಅಂದ ಅಜ್ಜಿ."

ಮಾನಸಾ ವೇಲನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಕೆಳಗಿನ ಅಕ್ಷರ ಓದಲು ಬರುತ್ತದಲ್ಲ. ನಾನು ಹೊರಡುವಾಗ ಗೇಟಿನ ಹತ್ತಿರ ಮೆಲ್ಲಗೆ ಅಂದಳು, "ಅಲ್ಲಿದ್ದಿದ್ದು 'ಅನ್ನ ಸೀದಿದೆ' ಅಂತ ಅಷ್ಟೇ ಕಣ್ರೀ."

"ಅರ್ಥ ಅದೇ ಅಲ್ವಾ?" ಅಂದೆ.

ಅವಳು ನಕ್ಕಳು. ಆ ನಗುವಿಗೆ ನನ್ನ ಬೈಕು ಪೆಟ್ರೋಲಿಲ್ಲದೆ ಗುಬ್ಬಿ ತಲುಪಿತು.

ಹೀಗೆ ಭಾನುವಾರಗಳು ಓಡಿದವು. ಪರದೆಯಲ್ಲಿ ಕೆಂಚ ಕೆಮ್ಮಿದರೂ ಕನ್ನಡದಲ್ಲಿ ಅದು ಪ್ರೇಮಪತ್ರ. ನಾನು ಮಾನಸಳಿಗೆ ಹೇಳಬೇಕಾದ್ದನ್ನೆಲ್ಲ ಅಜ್ಜಿಗೆ ಹೇಳಿದೆ, ಜೋರಾಗಿ, ಟೀವಿ ಕಡೆ ನೋಡುತ್ತ. ಅಜ್ಜಿ ಅವರೆಕಾಯಿ ಸುಲಿಯುತ್ತ ಕೇಳಿತು. ಮಾನಸಾ ಕೆಳಗಿನ ಅಕ್ಷರ ಓದುತ್ತ ಕೇಳಿದಳು. ಈ ಮಧ್ಯೆ ಶಿವರಾಮಯ್ಯನವರು ಬೀದಿಯವರಿಗೆಲ್ಲ "ನಮ್ಮ ಅಣ್ಣನ ಮಗ, ಗುಬ್ಬಿಯವ್ನು" ಅಂತ ನನ್ನ ಪರಿಚಯ ಮಾಡಿಸಿದ್ದರು. ನಾನು ಎದೆಯುಬ್ಬಿಸಿ ನಮಸ್ಕಾರ ಹೊಡೆದಿದ್ದೆ.

ಕೊನೆಗೆ ಒಂದಿಷ್ಟೇ ಭಾಗ ಉಳಿದಿದ್ದಾಗ, ಕೆಂಚ ಮಳೆಯಲ್ಲಿ ಹೊನ್ನಿಗೆ ಛತ್ರಿ ಹಿಡಿಯುವ ಕಡೆ, ಭದ್ರಮ್ಮನಿಗೆ ಅನುಮಾನ ಬಂತು.

"ಅಲ್ಲ ಕಣ್ಲಾ, ಈ ಕೆಂಚ ಅವಳಪ್ಪನ್ನ ಏನಂತ ಕರೀತಾನೆ?"

"ಗುರುಗಳೇ ಅಂತಾನೆ ಅಜ್ಜಿ."

"ಗುರು ಅಂದ್ರೆ ತಂದೆ ಸಮಾನ. ಅಂದ್ಮೇಲೆ ಹೊನ್ನಿ ಇವನ್ಗೆ ತಂಗಿ ಆಗ್ಬೇಕು. ತಂಗಿ ಹಿಂದೆ ಹಿಂಗ್ ಸುತ್ತಾನಲ್ಲ, ಇವನ್ಗೆ ಮಾನ ಮರ್ಯಾದೆ ಐತಾ?"

"ಅಜ್ಜೀ, ಜಪಾನಲ್ಲಿ ಆ ಲೆಕ್ಕ ಎಲ್ಲ..."

"ಎಲ್ಲಾದ್ರೂ ಅದೇ ಲೆಕ್ಕ. ಬಾಯಲ್ಲಿ ಏನು ಕರೆದ್ನೋ ಅದು ಕರೆದಂಗೆ. ಈಗ ನಿನ್ನೇ ತಗೋ. ಚಿಕ್ಕಪ್ಪ ಅಂದೆ, ಅಲ್ಲಿಗೆ ಮಾನಸಂಗೆ ಅಣ್ಣ ಆದೆ. ನಾನ್ ಏನಾರ ಅಂದ್ನಾ? ಗೌರಿ ಹಬ್ಬಕ್ಕೆ ಬಾಗಿನ ತರೋನು ನೀನೇ ಇನ್ಮೇಲೆ."

ಪರದೆಯಲ್ಲಿ ಗೋಡೆ ಬಿತ್ತು. ಕುಣಿಗಲ್ಲಿನಲ್ಲಿಯೂ ಬಿತ್ತು, ನನ್ನ ತಲೆ ಮೇಲೆಯೇ ಬಿತ್ತು, ಯಾರಿಗೂ ಕೇಳಿಸಲಿಲ್ಲ ಅಷ್ಟೇ. ಆ ಮೊದಲ ದಿನ ಅಜ್ಜಿ ಎರಡು ವರಸೆ ಮುಂದಿಟ್ಟು 'ನೀನೇ ಹೇಳು' ಅಂದದ್ದು ಸುಮ್ಮನೆ ಅಲ್ಲ. ಬಾಗಿಲು ತೆಗೆದಿಟ್ಟಿತ್ತು. ನಾನು ಮರ್ಯಾದಸ್ಥನ ಹಾಗೆ ಕೈಮುಗಿದು ಹೊರಗಿನಿಂದ ಚಿಲಕ ಹಾಕಿಕೊಂಡಿದ್ದೆ.

ಮಾನಸಾ ಟೀವಿ ನೋಡುತ್ತಲೇ ಇದ್ದಳು. ಒಂದು ಮಾತು ಆಗ ಹೊಳೆಯಿತು. ಇಷ್ಟು ದಿನವೂ ಅವಳು ನನ್ನನ್ನು ಸ್ಕೂಲಿನಲ್ಲಿ ಸರ್ ಅಂದಿದ್ದಳು, ಗೇಟಿನಲ್ಲಿ ಏನ್ರೀ ಅಂದಿದ್ದಳು. ಅಣ್ಣ ಅಂತ ಒಂದು ಸಲವೂ ಅಂದಿರಲಿಲ್ಲ.

ಹೇಳಿಬಿಡೋಣ ಅಂತ ಮುಂದಿನ ವಾರ ಎದೆ ಗಟ್ಟಿ ಮಾಡಿಕೊಂಡು ಹೋದರೆ, ಅಂಗಳದಲ್ಲಿ ಶಿವರಾಮಯ್ಯನವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ನಿಂತಿದ್ದರು. ಹುಲಿಯೂರುದುರ್ಗದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ರವಿಕಿರಣ್, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟವನು. ಮನೆ ನೋಡಿಕೊಂಡು ಬರಬೇಕು.

"ನೀನೂ ಹೋಗ್ಲಾ," ಅಂತು ಭದ್ರಮ್ಮ. "ಅಣ್ಣ ಅಂತ ನೀನಲ್ದೆ ಇನ್ಯಾರವ್ರೆ?"

ಹೋಗುವ ದಾರಿಯಲ್ಲೆಲ್ಲ ಬಸ್ಸಿನ ಕಿಟಕಿ ಪಕ್ಕ ಕೂತು ಹುಡುಗನ ಕುಂದುಗಳನ್ನು ತಯಾರು ಮಾಡಿದೆ. ಕುಡುಕ. ಇಲ್ಲ, ಮೆಳ್ಳಗಣ್ಣು. ಮನೆ ಮೇಲೆ ಬೆಟ್ಟದ ಬಂಡೆ ಉರುಳುತ್ತೆ. ನನ್ನ ಕೈಗೆ ಸಿಕ್ಕಿದ ಮನುಷ್ಯ ಉಳಿದದ್ದುಂಟಾ? ಅಲ್ಲಿ ನೋಡಿದರೆ ರವಿಕಿರಣ್ ಅನ್ನುವವನು ತಾನೇ ಎಳನೀರು ಕೆತ್ತಿ ಕೊಟ್ಟ. ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದ, "ಅಣ್ಣ, ಮಾನಸಾ ಅವ್ರು ಕರಾಟೆ ಬಿಡೋದು ಬೇಡ ಅಲ್ವಾ? ಇಲ್ಲಿ ಹೆಣ್ಮಕ್ಕಳಿಗೆ ಹೇಳ್ಕೊಡೋರು ಯಾರೂ ಇಲ್ಲ."

ಅವನನ್ನು ಎರಡು ಗುದ್ದು ಗುದ್ದುವಷ್ಟಾದರೂ ಕೆಟ್ಟವನಾಗಿರಬಾರದಿತ್ತಾ?

ವಾಪಸು ಬಂದಾಗ ಭದ್ರಮ್ಮ ಕಾಲು ಚಾಚಿಕೊಂಡು ಕಾಯುತ್ತಿತ್ತು. ಮಾನಸಾ ಅಡಿಗೆಮನೆ ಬಾಗಿಲಲ್ಲಿ, ಮೊದಲ ದಿನ ನಿಂತಿದ್ದಲ್ಲೇ.

"ಹುಡುಗ ಹೆಂಗವ್ನೆ? ಶಿವರಾಮ ಬೇಡ, ನೀನೇ ಹೇಳು."

ಬಾಯಿ ತೆಗೆದೆ. ಸುಮಾರಾಗಿದಾನೆ ಅಂದರೆ ಸಾಕಿತ್ತು. ಆದರೆ ನನ್ನ ನಾಲಿಗೆಗೆ ಸುಮಾರು ಅನ್ನುವ ಮಾತು ಬರುವುದಿಲ್ಲ. ಹುಟ್ಟಿದಾಗಿನಿಂದ ಬಂದಿಲ್ಲ.

"ಅಜ್ಜಿ, ಹುತ್ರಿದುರ್ಗದ ತುದಿ ಮೇಲೆ ನಿಂತು ಸುತ್ತ ಕಣ್ಣು ಹಾಯ್ಸಿದ್ರೆ ಅಂಥ ಹುಡುಗ ಇನ್ನೊಬ್ಬ ಕಾಣಲ್ಲ. ಅಂಗಡಿ ಅಂದ್ರೆ ಅರಮನೆ! ಬಲ್ಬು ಹಚ್ಚಿದ್ರೆ ಕುಣಿಗಲ್‌ವರೆಗೂ ಬೆಳಕು. ಅವರ ತೋಟದ ಎಳನೀರು ಒಂದೊಂದೂ ಬಿಂದಿಗೆ..."

"ನಾನೂ ಅಲ್ಲೇ ಇದ್ನಲ್ಲಪ್ಪ," ಅಂದರು ಶಿವರಾಮಯ್ಯ. "ಬಿಂದಿಗೆ ಕಾಣ್ಲಿಲ್ಲ."

"ಅಷ್ಟೊಂದು ಒಳ್ಳೆಯವ್ರಾ?" ಅಂದಳು ಮಾನಸಾ.

ನಿಲ್ಲಿಸಬೇಕು ಅಂತಿದ್ದೆ. ನಾಲಿಗೆ ಇಳಿಜಾರಿನಲ್ಲಿ ಬ್ರೇಕು ಹೋದ ಲಾರಿ. "ಅದಕ್ಕಿಂತ ಒಂದು ಕೈ ಜಾಸ್ತೀನೇ," ಅಂದುಬಿಟ್ಟೆ.

ಅವಳು ಒಳಗೆ ಹೋದಳು. ಈ ಬುಧವಾರ ಬಿಟ್ಟು ಮುಂದಿನ ಬುಧವಾರ ನಿಶ್ಚಯದ ತಾಂಬೂಲ ಅಂತ ಆ ಸಾಯಂಕಾಲವೇ ಗೊತ್ತಾಯಿತು.

ಬುಧವಾರಕ್ಕೆ ಮುಂಚಿನ ಭಾನುವಾರ ಕೊನೆಯ ಭಾಗ ಬಾಕಿ ಇತ್ತು. ಶಿವರಾಮಯ್ಯ ಬಾಳೆ ಎಲೆಗೆ ಹೇಳಿಬರಲು ಪೇಟೆಗೆ ಹೋಗಿದ್ದರು. ಮನೆಯಲ್ಲಿ ನಾವು ಮೂವರೇ. ಅಜ್ಜಿ ನಡುವೆ, ಮೊರ ಮುಂದೆ.

ಕೊನೆಯ ಭಾಗದಲ್ಲಿ ಯಾರೂ ಕಾಳಗಕ್ಕೆ ಬರುವುದಿಲ್ಲ. ಅದೇ ಅದರ ಕ್ರೂರತನ. ಗುರುವಿನ ಮನೆಯ ಜಗಲಿ, ಸಂಜೆ, ಕೆಂಚ ಒಂದು ತುದಿ, ಹೊನ್ನಿ ಇನ್ನೊಂದು ತುದಿ. ಗೋಡೆಗಳೆಲ್ಲ ಗಟ್ಟಿಯಾಗಿ ನಿಂತಿವೆ. ಹೊನ್ನಿ ತಿರುಗಿ ಏನೋ ಹೇಳುತ್ತಾಳೆ. 'ಗಾಳಿ ತಣ್ಣಗಾಯ್ತು, ಒಳಗೆ ಹೋಗೋಣ್ವಾ' ಅಂತ ಕೆಳಗೆ ಬರುತ್ತದೆ, ಅಷ್ಟೇ.

"ಏನಂದ್ಲು?" ಅಂತು ಅಜ್ಜಿ.

ನಾನು ಬಾಯಿ ತೆಗೆಯುವ ಮುಂಚೆ ಮಾನಸಾ ಹೇಳಿದಳು. ಕಣ್ಣು ಟೀವಿ ಬಿಟ್ಟು ಕದಲಲಿಲ್ಲ.

"'ನಮ್ಮಪ್ಪನ್ನ ಮೊದಲ ದಿನ ನೀನು ಕರೆದಿದ್ದು ತಪ್ಪು ಅಂತ ಈಗ್ಲಾದ್ರೂ ಹೇಳು. ಅಷ್ಟು ಹೇಳು ಸಾಕು, ಉಳಿದಿದ್ದು ನಾನು ನೋಡ್ಕೋತೀನಿ' ಅಂದ್ಲು ಅಜ್ಜಿ."

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಬಾಯಿ ಬಿಟ್ಟು ಹಾಗೇ ಉಳಿಯಿತು. ಅಜ್ಜಿ ಅವಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಹೂಂ," ಅಂತು. "ಕೆಂಚ ಏನಂದ?"

ಪರದೆಯಲ್ಲಿ ಕೆಂಚ ಬಾಯಿ ತೆರೆದ. ಆ ಜಾಗ ನನಗೆ ಗೊತ್ತು, ಸಾವಿರ ಸಲ ಗೊತ್ತು. ಅವನ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ನನ್ನದೂ ಹೋಗಿ ಬಂತು. ಬುಧವಾರದ ತಾಂಬೂಲ ಕಣ್ಣ ಮುಂದೆ ಬಂತು, ಬೀದಿಯವರಿಗೆಲ್ಲ ನಾನು ಹೊಡೆದ ನಮಸ್ಕಾರಗಳು ಬಂದವು, ಅಣ್ಣ ಅಂದ ರವಿಕಿರಣ್ ಬಂದ, ಎಳನೀರಿನ ಸಮೇತ. ಇಲ್ಲದ ಹುಲಿಯನ್ನು ಕಟ್ಟಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕಿತ್ತೆ, ಬರಲಿಲ್ಲ. ಗೋಡೆ ಒಡೆದು ಯಾರಾದರೂ ಬನ್ನಿ ಅಂತ ಬಾಗಿಲ ಕಡೆ ನೋಡಿದೆ. ಯಾರೂ ಬರಲಿಲ್ಲ.

ಕೆಂಚ ಬಾಯಿ ಮುಚ್ಚಿಕೊಂಡ.

"ಏನೂ ಅನ್ಲಿಲ್ಲ ಅಜ್ಜಿ," ಅಂದೆ.

ಅಷ್ಟು ಭಾನುವಾರಗಳಲ್ಲಿ ನಾನು ಒಂದಕ್ಷರ ಸೇರಿಸದೆ ಹೇಳಿದ್ದು ಅದೊಂದೇ.

"ಥೂ ಇವನ ಬಾಯಿಗಿಷ್ಟು," ಅಂತು ಭದ್ರಮ್ಮ, ಕಾಳನ್ನು ಮೊರಕ್ಕೆ ಎಸೆದು. "ಗುಡ್ಡ ಸೀಳೋನಂತೆ."

ಪರದೆ ಮೇಲೆ ಹೆಸರುಗಳು ಹರಿಯತೊಡಗಿದವು. ಮಾನಸಾ ಎದ್ದಳು. ಟೀವಿಯಿಂದ ನನ್ನ ಪೆನ್‌ಡ್ರೈವ್ ಕಿತ್ತು, ವೇಲಿನ ತುದಿಯಿಂದ ಒರೆಸಿ, ನನ್ನ ಕೈಗೆ ಕೊಟ್ಟಳು.

"ಕಾಫಿ ಇಡ್ತೀನಿ," ಅಂದಳು. "ಕುಡ್ಕೊಂಡೇ ಹೋಗಿ, ಅಣ್ಣ."

ನಾನು ಹೇಳುವುದರಲ್ಲಿ ನೀವು ಅರ್ಧ ಕಳೆದು ಕೇಳುತ್ತೀರಿ, ಗೊತ್ತು. ಇದರಲ್ಲಿ ಏನೂ ಕಳೆಯಬೇಡಿ. ಆ ಒಂದು ಮಾತಿಗೆ ನಾನು ಕುಣಿಗಲ್ ಕೆರೆ ದಾಟಿ, ತುಮಕೂರಿನ ಹೆಂಚುಗಳ ಮೇಲೆ ಹಾರಿ, ಗುಬ್ಬಿಗೆ ಬಂದು ಬಿದ್ದೆ. ಕಾಫಿ ಮಾತ್ರ ಅಲ್ಲೇ ಕೂತು ಪೂರ್ತಿ ಕುಡಿದೆ. ಸಕ್ಕರೆ ಸರಿಯಾಗಿತ್ತು.